ಒಂದು ಕೈ ಕೊಟ್ಟಿದ್ದನ್ನು ಇನ್ನೊಂದು ಕೈ ಕಿತ್ತುಕೊಂಡರೆ

ಡಿಸೆಂಬರ್ 1ರಂದು ನಮ್ಮ ತಾಲ್ಲೂಕಿನ ಪದವಿ ಕಾಲೇಜಿನಲ್ಲಿ ವಿಶ್ವ ಏಡ್ಸ್ ದಿನದ ಸಭೆ ಇತ್ತು. ಏಡ್ಸ್ ಜಾಗೃತಿಗೆ ಕಾಲೇಜಿನಲ್ಲಿರುವ ರೆಡ್ ರಿಬ್ಬನ್ ಕ್ಲಬ್‌ನ ಮಕ್ಕಳು ಮಾತಾಡಲು ಕರೆದಿದ್ದರು. ಆಶಾ ಕಾರ್ಯಕರ್ತೆಯರು, ಪಂಚಾಯ್ತಿ ಸದಸ್ಯರು, ಠಾಣೆಯಿಂದ ಇಬ್ಬರು, ಆಟೋ ಸ್ಟ್ಯಾಂಡಿನ ಒಂದಷ್ಟು ಜನ ಕೂಡ ಬಂದಿದ್ದರು. ಅಲ್ಲಿ ಹೇಳಿದ್ದನ್ನು ಬರೆದುಕೊಡಿ ಅಂತ ಕೆಲವರು ಕೇಳಿದರು. ನೆನಪಿನಿಂದ ಬರೆದಿದ್ದೇನೆ. ಹೊತ್ತಾಯಿತು ಅಂತ ವೇದಿಕೆಯಲ್ಲಿ ಬಿಟ್ಟ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿ ಏನಿದೆ ಅಂತ ಹಿಂದಿನ ಬೆಂಚಿನವರಿಗೂ ಕಾಣುತ್ತಿದೆ ಅಲ್ವಾ? ನಿರೋಧ್ ಪೊಟ್ಟಣ, ಅಂದರೆ ಕಾಂಡೋಮ್. ನಗು ಬಂದವರು ನಕ್ಕುಬಿಡಿ, ಪರವಾಗಿಲ್ಲ. ನಾನು ಐಸಿಟಿಸಿಯಲ್ಲಿ, ಅಂದರೆ ಸರ್ಕಾರಿ ಆಸ್ಪತ್ರೆಯ ಎಚ್‌ಐವಿ ಪರೀಕ್ಷೆಯ ಕೋಣೆಯಲ್ಲಿ, 17 ವರ್ಷ ಆಪ್ತ ಸಮಾಲೋಚಕಿಯಾಗಿದ್ದೆ. ಈ ಪೊಟ್ಟಣ ನೋಡಿ ನಗುವವರನ್ನೂ ನೋಡಿದ್ದೇನೆ, ಅಳುವವರನ್ನೂ ನೋಡಿದ್ದೇನೆ.

ಇವತ್ತು ಈ ಒಂದು ಪೊಟ್ಟಣದ ದಾರಿಯನ್ನೇ ಹಿಡಿದು ಮಾತಾಡುತ್ತೇನೆ. ಇದನ್ನು ಸರ್ಕಾರ ದುಡ್ಡು ಕೊಟ್ಟು ಕೊಳ್ಳುತ್ತದೆ. ರಾಜ್ಯದ ಏಡ್ಸ್ ನಿಯಂತ್ರಣ ಸೊಸೈಟಿಗೆ ಬರುತ್ತದೆ. ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಸಂಸ್ಥೆಗೆ, ಸಂಸ್ಥೆಯಿಂದ ಒಬ್ಬ ಪೀರ್ ಕೈಗೆ. ಪೀರ್ ಅಂದರೆ ಅದೇ ಸಮುದಾಯದವರು. ಲೈಂಗಿಕ ಕಾರ್ಯಕರ್ತೆಯರ ನಡುವೆ ಕೆಲಸ ಮಾಡೋದು ಇನ್ನೊಬ್ಬ ಲೈಂಗಿಕ ಕಾರ್ಯಕರ್ತೆ. ಆಕೆಯ ವ್ಯಾನಿಟಿ ಬ್ಯಾಗಿನಲ್ಲಿ ಇದು ಬಸ್ ಸ್ಟ್ಯಾಂಡಿಗೆ ಹೋಗುತ್ತದೆ, ಲಾಡ್ಜಿಗೆ ಹೋಗುತ್ತದೆ, ಹೆದ್ದಾರಿ ಪಕ್ಕದ ಢಾಬಾಕ್ಕೆ ಹೋಗುತ್ತದೆ. ಎಷ್ಟು ಜನರ ಕೈ ದಾಟಿ ಬಂತು ನೋಡಿ.

ಈಗ ಒಂದು ಸಂಜೆಯ ಕತೆ ಕೇಳಿ. ನಾನು ಕೆಲಸಕ್ಕೆ ಸೇರಿದ ಹೊಸದು. ಒಬ್ಬ ಅಕ್ಕ ನನ್ನ ಮುಂದೆ ಕೂತಿದ್ದರು. ಇಲ್ಲಿಯವರಲ್ಲ, ಬೇರೆ ಊರಿನವರು. ಪೀರ್ ಆಗಿ ಚೆನ್ನಾಗಿ ಕೆಲಸ ಮಾಡುತ್ತಿದ್ದವರು. ಎರಡು ತಿಂಗಳಿಂದ ಯಾಕೆ ಪೊಟ್ಟಣ ತೆಗೆದುಕೊಂಡು ಹೋಗಿಲ್ಲ ಅಕ್ಕ ಅಂದೆ. ಆಕೆ ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಂಡು ಅದರ ಜಿಪ್ಪನ್ನು ತೆಗೆಯೋದು, ಹಾಕೋದು ಮಾಡುತ್ತಿದ್ದರು. ಆಮೇಲೆ ಹೇಳಿದರು. ಬಸ್ ಸ್ಟ್ಯಾಂಡಿನಲ್ಲಿ ಪೊಲೀಸಿನವರು ಬ್ಯಾಗ್ ಬಿಚ್ಚಿಸಿದ್ದರು. ಅದನ್ನು ಕೆಳಗೆ ಸುರಿದಿದ್ದರು. 'ಇಷ್ಟೊಂದು ಯಾಕೆ ನಿನಗೆ? ಇದೇ ಸಾಕ್ಷಿ' ಅಂದಿದ್ದರು. ಬಸ್ಸಿಗೆ ಕಾಯುತ್ತಿದ್ದ ಜನ ಸುತ್ತ ನಿಂತು ನೋಡಿದ್ದರು. ಅಷ್ಟು ಜನರ ಎದುರು ಆಕೆ ಒಂದೊಂದೇ ಪೊಟ್ಟಣ ಆರಿಸಿಕೊಂಡಿದ್ದರು. 'ಇನ್ನು ಮೇಲೆ ನಂಗೆ ಬೇಡ ಮೇಡಂ. ಅದು ಬ್ಯಾಗಲ್ಲಿ ಇಲ್ಲದಿದ್ರೆ ನನ್ನನ್ನು ಯಾರೂ ಏನೂ ಮಾಡಲ್ಲ' ಅಂದರು.

ಆ ಪೊಟ್ಟಣವನ್ನು ಕೊಂಡಿದ್ದು ಸರ್ಕಾರ. ಬಿಸಾಡಿದ್ದೂ ಸರ್ಕಾರ. ಒಂದು ಇಲಾಖೆ ಬಲಗೈಯಲ್ಲಿ ಕೊಟ್ಟಿತು, ಇನ್ನೊಂದು ಇಲಾಖೆ ಎಡಗೈಯಲ್ಲಿ ಕಿತ್ತುಕೊಂಡಿತು. ಅವತ್ತು ಆ ಪೊಲೀಸಿನವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ನಮ್ಮವರು ಠಾಣೆಗೆ ಹೋಗಿ ಕೂತು ಒಂದು ಲೋಟ ಟೀ ಕುಡಿದು ಮಾತಾಡಿರಲಿಲ್ಲ. ಆ ತಪ್ಪಿನಲ್ಲಿ ನನ್ನ ಇಲಾಖೆಯ ಪಾಲೂ ಇದೆ.

ಒಂದು ಬ್ಯಾಗು ಖಾಲಿಯಾದರೆ ಏನು ಮಹಾ ಅಂತ ಅನಿಸಬಹುದು. ಆದರೆ ವೈರಸ್ಸಿನ ಲೆಕ್ಕ ಬೇರೆ. ಆ ಅಕ್ಕನ ಹತ್ತಿರ ಬರುವ ಗಿರಾಕಿ ಯಾರು? ಲಾರಿ ಡ್ರೈವರ್ ಇರಬಹುದು, ಕಟ್ಟಡದ ಕೆಲಸಕ್ಕೆ ಬಂದವನಿರಬಹುದು, ವ್ಯಾಪಾರಿ ಇರಬಹುದು, ಕಾಲೇಜು ಹುಡುಗನೂ ಇರಬಹುದು. ಅವನಿಗೆ ಒಂದು ಮನೆ ಇದೆ. ಹೆಂಡತಿ ಇದ್ದಾಳೆ. ನನ್ನ ಮುಂದೆ ಕೂತು ಪಾಸಿಟಿವ್ ರಿಪೋರ್ಟ್ ತೆಗೆದುಕೊಂಡ ಹೆಂಗಸರಲ್ಲಿ ಜಾಸ್ತಿ ಜನ ಗಂಡನನ್ನು ಬಿಟ್ಟು ಬೇರೆ ಯಾರನ್ನೂ ಮುಟ್ಟಿದವರಲ್ಲ. 'ನಾನು ಮನೆ ಬಿಟ್ಟು ಎಲ್ಲಿಗೂ ಹೋಗಿಲ್ಲ ಮೇಡಂ' ಅನ್ನುತ್ತಿದ್ದರು. ಎಲ್ಲಿಗೂ ಹೋಗಬೇಕಿರಲಿಲ್ಲ, ಅದು ಅವರ ಮನೆಗೇ ಬಂದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಸುರಿದ ಆ ಪೊಟ್ಟಣಗಳು ಈ ಹೆಂಗಸರನ್ನೂ ಕಾಯುತ್ತಿದ್ದವು.

ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾಗಿದ್ದು 1986ರಲ್ಲಿ, ಮದ್ರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ನಿರ್ಮಲಾ ಸೇರಿ ಪತ್ತೆ ಮಾಡಿದರು. ನಿರ್ಮಲಾ ಅವರು ರಕ್ತದ ಮಾದರಿಗಳನ್ನು ರೈಲಿನಲ್ಲಿ ವೆಲ್ಲೂರಿಗೆ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದ್ದರು. ಹಾಗೆ ಶುರುವಾದ ಕತೆಯಲ್ಲಿ ಹತ್ತು ಹದಿನೈದು ವರ್ಷದೊಳಗೆ ನಮ್ಮ ಕರ್ನಾಟಕ ಮುಂದಿನ ಸಾಲಿಗೆ ಬಂತು. 2000ದ ಆಚೀಚೆ ಇಲ್ಲಿ ಗರ್ಭಿಣಿಯರ ರಕ್ತ ಪರೀಕ್ಷೆ ಮಾಡಿದರೆ ನೂರರಲ್ಲಿ ಒಬ್ಬರಿಗಿಂತ ಜಾಸ್ತಿ ಪಾಸಿಟಿವ್ ಬರುತ್ತಿತ್ತು. ಉತ್ತರ ಕರ್ನಾಟಕದ ಕೆಲವು ಕಡೆ ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಈಗ ರಾಜ್ಯದ ವಯಸ್ಕರಲ್ಲಿ ಅದು ನೂರಕ್ಕೆ ಅರ್ಧಕ್ಕಿಂತ ಕಡಿಮೆ. ಇಳಿದಿದ್ದು ತಾನಾಗಿ ಅಲ್ಲ.

ಹೇಗೆ ಇಳಿಯಿತು ಅಂತ ನೋಡಬೇಕಾದರೆ ಮೈಸೂರಿಗೆ ಹೋಗಬೇಕು. 2004ರಲ್ಲಿ ಅಲ್ಲಿ ಲೈಂಗಿಕ ಕಾರ್ಯಕರ್ತೆಯರ ನಡುವೆ ಒಂದು ಕೆಲಸ ಶುರುವಾಯಿತು. ಮುಂದೆ ಅದೇ ಆಶೋದಯ ಸಮಿತಿ ಆಯಿತು. ಶುರುವಿನಲ್ಲಿ ಮಾಡಿದ ಸಮೀಕ್ಷೆಯಲ್ಲಿ ನೂರರಲ್ಲಿ 26 ಹೆಂಗಸರಿಗೆ ಎಚ್‌ಐವಿ ಇತ್ತು. ನಾಲ್ವರಲ್ಲಿ ಒಬ್ಬರು ಅಂದುಕೊಳ್ಳಿ. ಸಿಫಿಲಿಸ್, ಅಂದರೆ ಲೈಂಗಿಕ ಸಂಪರ್ಕದಿಂದ ಬರುವ ಇನ್ನೊಂದು ಕಾಯಿಲೆ, ಅದೂ ಹೆಚ್ಚುಕಡಿಮೆ ಅಷ್ಟೇ.

ಅಂಥ ಕಡೆ ಸಾಮಾನ್ಯವಾಗಿ ಏನು ಮಾಡುತ್ತಾರೆ? ಒಂದು ಕ್ಲಿನಿಕ್ ತೆರೆದು ಬೋರ್ಡ್ ಹಾಕುತ್ತಾರೆ. ಬೆಳಿಗ್ಗೆ 9ರಿಂದ ಸಂಜೆ 4. ಯಾರೂ ಬರೋದಿಲ್ಲ. ಆಮೇಲೆ 'ಈ ಜನಕ್ಕೆ ಆರೋಗ್ಯದ ಕಾಳಜಿನೇ ಇಲ್ಲ' ಅಂತ ವರದಿ ಬರೆಯುತ್ತಾರೆ. ರಾತ್ರಿಯೆಲ್ಲ ರಸ್ತೆಯಲ್ಲಿದ್ದು ಬೆಳಗಿನ ಜಾವ ಮಲಗುವ ಹೆಂಗಸು 9 ಗಂಟೆಗೆ ಹೇಗೆ ಬರುತ್ತಾಳೆ? ಮೈಸೂರಿನಲ್ಲಿ ಬೇರೆ ಥರ ಮಾಡಿದರು. ಯಾವ ಬೀದಿಯಲ್ಲಿ ಎಷ್ಟು ಜನ ಇದ್ದಾರೆ, ಯಾವ ಹೊತ್ತಿಗೆ ಇರುತ್ತಾರೆ, ಎಲ್ಲಿ ಅಪಾಯ ಜಾಸ್ತಿ ಅನ್ನುವ ನಕ್ಷೆಯನ್ನು ಆ ಹೆಂಗಸರಿಂದಲೇ ಬರೆಸಿದರು. ಒಂದು ಜಾಗ ಮಾಡಿಕೊಟ್ಟರು. ಅಲ್ಲಿ ಸ್ನಾನ ಮಾಡಬಹುದು, ಮಲಗಬಹುದು, ಸುಮ್ನೆ ಕೂತು ಹರಟಬಹುದು. ಔಷಧ ಆಮೇಲೆ. ರಾತ್ರಿ ಕೆಲಸ ಮಾಡುವ ಹೆಂಗಸಿಗೆ ಬಚ್ಚಲಿರುವ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಎಷ್ಟು ದೊಡ್ಡದು ಅಂತ ಹೊರಗಿನವರಿಗೆ ಬೇಗ ಅರ್ಥ ಆಗೋದಿಲ್ಲ.

ಅದರ ಜೊತೆಗೇ ಪೊಲೀಸರ ಹತ್ತಿರ ಮಾತಾಡಿದರು. ಗೂಂಡಾಗಳು ಹೊಡೆದರೆ, ಯಾರಾದರೂ ಹಿಡಿದುಕೊಂಡು ಹೋದರೆ, ಫೋನ್ ಬಂದ ಕೂಡಲೇ ಓಡಿಹೋಗುವ ಗುಂಪು ಕಟ್ಟಿಕೊಂಡರು. ನಮ್ಮ ರಾಜ್ಯದ ಬೇರೆ ಜಿಲ್ಲೆಗಳಲ್ಲೂ ಆಗ ಇದೇ ಥರದ ಸಂಘಗಳು ಹುಟ್ಟಿದವು. ವಕೀಲರು ಜೊತೆಯಾದರು. ಹಿಂಸೆ ನಿಲ್ಲಿಸೋದಕ್ಕೂ ಕಾಯಿಲೆ ತಡೆಯೋದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಹೆದರಿದ ಹೆಂಗಸು ಗಿರಾಕಿಗೆ 'ಇದಿಲ್ಲದೆ ಆಗೋದಿಲ್ಲ' ಅಂತ ಹೇಳೋದಿಲ್ಲ. ಅವಸರದಲ್ಲಿ, ಕತ್ತಲಲ್ಲಿ, ಯಾರು ಬರುತ್ತಾರೋ ಅನ್ನುವ ಭಯದಲ್ಲಿ ಕಾಂಡೋಮ್ ಮಾತು ಬರೋದೇ ಇಲ್ಲ. ಆ ಭಯ ಇಳಿದಾಗ ಮಾತ್ರ ಅವಳ ಬಾಯಿಂದ 'ಇಲ್ಲ' ಅನ್ನುವ ಮಾತು ಹೊರಡುತ್ತದೆ.

ಎರಡೂವರೆ ವರ್ಷದ ನಂತರ ಮತ್ತೆ ಸಮೀಕ್ಷೆ ಮಾಡಿದರು. ಬಂದುಹೋಗುವ ಗಿರಾಕಿಗಳ ಜೊತೆ ಕಾಂಡೋಮ್ ಬಳಕೆ ನೂರಕ್ಕೆ 65ರಿಂದ 90ಕ್ಕೆ ಏರಿತ್ತು. ಸಿಫಿಲಿಸ್ 25ರಿಂದ 12ಕ್ಕೆ ಇಳಿದಿತ್ತು. ಎಚ್‌ಐವಿ ಮಾತ್ರ 26ರಿಂದ 24. ಬರೀ ಅಷ್ಟೇನಾ ಅನ್ನಬೇಡಿ. ಸಿಫಿಲಿಸ್ ವಾಸಿಯಾಗುತ್ತದೆ, ಲೆಕ್ಕದಿಂದ ಹೋಗುತ್ತದೆ. ಎಚ್‌ಐವಿ ಬಂದವರು ಬದುಕಿರುವ ತನಕ ಲೆಕ್ಕದಲ್ಲಿ ಇರುತ್ತಾರೆ, ಇರಬೇಕು ಕೂಡ. ಆ ಸಂಖ್ಯೆ ಏರದೆ ನಿಂತಿದ್ದೇ ದೊಡ್ಡ ಸುದ್ದಿ.

ಆ ಹೊತ್ತಿಗೆ ದಕ್ಷಿಣದ ರಾಜ್ಯಗಳಲ್ಲಿ ಅವಾಹನ್ ಅನ್ನುವ ದೊಡ್ಡ ಕಾರ್ಯಕ್ರಮ ನಡೆಯುತ್ತಿತ್ತು. ಗೇಟ್ಸ್ ಫೌಂಡೇಷನ್ ದುಡ್ಡು ಹಾಕಿ 2003ರಲ್ಲಿ ಶುರು ಮಾಡಿದ್ದು. ಇದೇ ರೀತಿ ಸಮುದಾಯದವರನ್ನೇ ಮುಂದಿಟ್ಟುಕೊಂಡ ಕೆಲಸ. ಹತ್ತು ವರ್ಷದಲ್ಲಿ ಸುಮಾರು 6 ಲಕ್ಷ ಹೊಸ ಸೋಂಕು ತಪ್ಪಿತು ಅಂತ ಆಮೇಲೆ ಸಂಶೋಧಕರು ಅಂದಾಜು ಮಾಡಿದರು. ಆರು ಲಕ್ಷ ಜನ. ಅವರು ಯಾರು ಅಂತ ನಮಗೆ ಯಾವತ್ತೂ ಗೊತ್ತಾಗೋದಿಲ್ಲ. ಅವರಿಗೂ ಗೊತ್ತಾಗೋದಿಲ್ಲ. ಈ ಸಭೆಯಲ್ಲೂ ಒಬ್ಬಿಬ್ಬರು ಇರಬಹುದು.

ಆಶೋದಯದ ಇನ್ನೂ ಒಂದು ವಿಷಯ ಹೇಳಲೇಬೇಕು. 2008ರ ಹೊತ್ತಿಗೆ ಅವರು ಮೈಸೂರಿನಲ್ಲಿ ಒಂದು ಹೋಟೆಲ್ ತೆರೆದರು. ವಿಶ್ವಬ್ಯಾಂಕಿನ ಸ್ಪರ್ಧೆಯಲ್ಲಿ ಗೆದ್ದ ಹಣದಿಂದ. ಅಡುಗೆ ಅವರದೇ, ಬಡಿಸೋದೂ ಅವರೇ. ನಾನು ಎಷ್ಟೋ ಸಭೆಗಳಲ್ಲಿ 'ಒಟ್ಟಿಗೆ ಊಟ ಮಾಡಿದರೆ ಎಚ್‌ಐವಿ ಬರೋದಿಲ್ಲ' ಅಂತ ಗಂಟಲು ಹರಿಯುವಂತೆ ಹೇಳಿದ್ದೇನೆ. ಜನ ತಲೆ ಆಡಿಸುತ್ತಾರೆ, ಮನೆಗೆ ಹೋಗಿ ಬೇರೆ ತಟ್ಟೆ ಇಡುತ್ತಾರೆ. ಊರಿನ ನಡುವೆ ಒಂದು ಹೋಟೆಲಿನಲ್ಲಿ ಜನ ಬಂದು ಕೂತು ಉಂಡು ಹೋಗೋದು ನನ್ನ ನೂರು ಭಾಷಣಕ್ಕೆ ಸಮ.

ಇಷ್ಟು ಹೇಳಿದ ಮೇಲೆ ಎಲ್ಲ ಇಲಾಖೆಗಳೂ ಕೈ ಜೋಡಿಸಿದರೆ ಸಾಕು ಅನ್ನುವ ತೀರ್ಮಾನಕ್ಕೆ ಬರಬೇಡಿ. ಕೈ ಜೋಡಿಸಿ ಅನ್ಯಾಯವನ್ನೂ ಮಾಡಬಹುದು. ಪಕ್ಕದ ಗೋವಾದಲ್ಲಿ ಹಾಗೇ ಆಯಿತು. 1989ರ ಫೆಬ್ರವರಿಯಲ್ಲಿ ಡೊಮಿನಿಕ್ ಡಿಸೋಜ ಅನ್ನುವ ಯುವಕನನ್ನು ಪೊಲೀಸರು ಮನೆಗೆ ಬಂದು ಕರೆದುಕೊಂಡು ಹೋದರು. ಯಾಕೆ ಅಂತ ಹೇಳಲಿಲ್ಲ. ಅವರು ತಪ್ಪದೆ ರಕ್ತದಾನ ಮಾಡುತ್ತಿದ್ದವರು. ಕೊಟ್ಟ ರಕ್ತದಲ್ಲಿ ಎಚ್‌ಐವಿ ಸಿಕ್ಕಿತ್ತು. ಆಗ ಗೋವಾದ ಕಾನೂನು ಪಾಸಿಟಿವ್ ಇದ್ದವರನ್ನು ಬೇರೆಯಾಗಿ ಕೂಡಿಹಾಕಲು ಅವಕಾಶ ಕೊಟ್ಟಿತ್ತು. ಹಳೆಯ ಟಿಬಿ ಆಸ್ಪತ್ರೆಯೊಂದರಲ್ಲಿ 64 ದಿನ ಇಟ್ಟರು. ಅವರ ತಾಯಿ ಕೋರ್ಟಿಗೆ ಹೋಗಬೇಕಾಯಿತು.

ನೋಡಿ, ಅಲ್ಲಿ ರಕ್ತನಿಧಿ, ಆರೋಗ್ಯ ಇಲಾಖೆ, ಪೊಲೀಸ್, ಶಾಸನ ಎಲ್ಲವೂ ಒಂದಾಗಿದ್ದವು. ಒಬ್ಬರು ಮಾತ್ರ ಆ ಮೇಜಿನಲ್ಲಿ ಇರಲಿಲ್ಲ. ಕಾಯಿಲೆ ಇದ್ದವರು. ಅದರ ಫಲ ಏನಾಗುತ್ತದೆ? ಪರೀಕ್ಷೆ ಮಾಡಿಸಿದರೆ ಹಿಡಿದುಕೊಂಡು ಹೋಗುತ್ತಾರೆ ಅಂದರೆ ಯಾರು ಪರೀಕ್ಷೆಗೆ ಬರುತ್ತಾರೆ? ಯಾರು ರಕ್ತ ಕೊಡುತ್ತಾರೆ? ಜನ ಬಚ್ಚಿಟ್ಟುಕೊಳ್ಳುತ್ತಾರೆ, ಸೋಂಕು ಹರಡುತ್ತಾ ಹೋಗುತ್ತದೆ. ಡೊಮಿನಿಕ್ ಹೊರಗೆ ಬಂದ ಮೇಲೆ ಸುಮ್ಮನಿರಲಿಲ್ಲ. ಪಾಸಿಟಿವ್ ಪೀಪಲ್ ಅನ್ನುವ ಸಂಸ್ಥೆ ಕಟ್ಟಿದರು. 1992ರಲ್ಲಿ ತೀರಿಕೊಂಡರು. ಇನ್ನೂ ಚಿಕ್ಕ ವಯಸ್ಸು.

ಹಾಗಾಗಿ ಸಭೆ ಕರೆಯುವಾಗ ನಾನು ಮೊದಲು ನೋಡೋದು ಒಂದೇ. ಯಾರ ಬಗ್ಗೆ ಮಾತಾಡುತ್ತೇವೋ ಅವರು ಕುರ್ಚಿಯಲ್ಲಿ ಕೂತಿದ್ದಾರಾ? ಅವರಿಗೆ ಬೇಡ ಅನ್ನುವ ಹಕ್ಕು ಇದೆಯಾ?

ಕಾನೂನು ತಡವಾಗಿಯಾದರೂ ಈ ದಾರಿಗೆ ಬಂದಿದೆ. ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2017ರಲ್ಲಿ ಪಾಸಾಯಿತು. 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂತು. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ. ರಿಪೋರ್ಟನ್ನು ಊರಿಗೆಲ್ಲ ಹೇಳುವ ಹಾಗಿಲ್ಲ. ಕೆಲಸದಿಂದ, ಶಾಲೆಯಿಂದ, ಬಾಡಿಗೆ ಮನೆಯಿಂದ ಈ ಕಾರಣಕ್ಕೆ ಓಡಿಸುವ ಹಾಗಿಲ್ಲ. ಸೋಂಕು ತಡೆಯುವ ಸಾಧನ ಹಂಚಿದ್ದನ್ನಾಗಲಿ, ಇಟ್ಟುಕೊಂಡಿದ್ದನ್ನಾಗಲಿ ಅಪರಾಧ ಅನ್ನುವ ಹಾಗಿಲ್ಲ. ಆ ಕಾಯ್ದೆ ಜಾರಿಗೆ ಬರುವ ನಾಲ್ಕೇ ದಿನ ಮುಂಚೆ, ಸೆಪ್ಟೆಂಬರ್ 6ರಂದು, ಸುಪ್ರೀಂ ಕೋರ್ಟ್ 377ನೇ ಕಲಂ ಬಗ್ಗೆ ತೀರ್ಪು ಕೊಟ್ಟಿತ್ತು. ಒಪ್ಪಿದ ವಯಸ್ಕರ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ. ಅದಕ್ಕೂ ಮುಂಚೆ ನನ್ನ ಕೋಣೆಗೆ ಬರುತ್ತಿದ್ದ ಎಷ್ಟೋ ಹುಡುಗರು ಏನನ್ನೂ ಬಾಯಿಬಿಡುತ್ತಿರಲಿಲ್ಲ. ಆಮೇಲೆ ಕೆಲವರು ಮಾತಾಡಲು ಶುರು ಮಾಡಿದರು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಆದೇಶ ಕೊಟ್ಟಿತು. ಲೈಂಗಿಕ ಕಾರ್ಯಕರ್ತೆಯ ಹತ್ತಿರ ಇರುವ ಕಾಂಡೋಮನ್ನು ಅಪರಾಧದ ಸಾಕ್ಷಿಯಾಗಿ ನೋಡಬಾರದು ಅಂತ.

ಠಾಣೆಯಿಂದ ಬಂದಿರುವ ಅಣ್ಣಂದಿರೇ, ಆ ಆದೇಶದ ಕನ್ನಡ ಪ್ರತಿಯನ್ನು ಸಭೆ ಮುಗಿದ ಮೇಲೆ ನಿಮಗೆ ಕೊಡುತ್ತೇನೆ. ದಯವಿಟ್ಟು ಅದನ್ನು ಠಾಣೆಯ ಗೋಡೆಗೆ ಅಂಟಿಸಿ. ಆ ಅಕ್ಕನ ಬ್ಯಾಗು ನನ್ನ ಕಣ್ಣ ಮುಂದೆ ಇನ್ನೂ ಇದೆ.

ಈಗ ಮಾತ್ರೆಯ ವಿಷಯಕ್ಕೆ ಬರುತ್ತೇನೆ. ನೀವು ಹುಟ್ಟುವ ಮುಂಚೆ ಈ ಕಾಯಿಲೆಗೆ ಮದ್ದು ಇದ್ದರೂ ಇಲ್ಲದ ಹಾಗೆ ಇತ್ತು. ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಜಾಸ್ತಿ ಬೆಲೆ. 2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿ ಅದನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಅಂತ ಮುಂದೆ ಬಂತು. ಆಫ್ರಿಕಾದ ದೇಶಗಳಿಗೂ ಅದರಿಂದ ಜೀವ ಬಂತು. 2004ರ ಏಪ್ರಿಲ್ 1ರಿಂದ ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಈ ಮದ್ದು, ಅಂದರೆ ಎಆರ್‌ಟಿ ಪುಕ್ಕಟೆ ಸಿಗಲು ಶುರುವಾಯಿತು. 2017ರಿಂದ ಪಾಸಿಟಿವ್ ಅಂತ ಗೊತ್ತಾದ ಎಲ್ಲರಿಗೂ, ಆರೋಗ್ಯ ಹೇಗೇ ಇರಲಿ, ಮಾತ್ರೆ ಶುರು ಮಾಡುತ್ತಾರೆ.

ಇದು ಚಿಕಿತ್ಸೆ ಮಾತ್ರ ಅಲ್ಲ, ತಡೆಯೂ ಹೌದು. ಮಾತ್ರೆಯನ್ನು ದಿನಾ ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಸ್ ಎಷ್ಟು ಕಡಿಮೆಯಾಗುತ್ತದೆ ಅಂದರೆ ಪರೀಕ್ಷೆಯಲ್ಲಿ ಕಾಣೋದೇ ಇಲ್ಲ. ಹಾಗೆ ಕಾಣದ ಮಟ್ಟದಲ್ಲೇ ಇದ್ದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡೋದಿಲ್ಲ. ಈ ಮಾತು ನಮ್ಮ ಹಳ್ಳಿಗಳಿಗೆ ಇನ್ನೂ ಸರಿಯಾಗಿ ಮುಟ್ಟಿಲ್ಲ. ಮುಟ್ಟಿದರೆ ಎಷ್ಟೋ ಮನೆಗಳು ಉಳಿಯುತ್ತವೆ.

ಆದರೆ ಮಾತ್ರೆ ನುಂಗೋದು ಬಾಯಿ ಮಾತ್ರ ಮಾಡುವ ಕೆಲಸ ಅಲ್ಲ. ಅದಕ್ಕೆ ಬಸ್ ಚಾರ್ಜ್ ಬೇಕು. ಮಾತ್ರೆ ಮುಗಿದಾಗೆಲ್ಲ ಒಂದು ದಿನದ ಕೂಲಿ ಬಿಡಬೇಕು. ಮೇಸ್ತ್ರಿಗೆ ಏನು ಸುಳ್ಳು ಹೇಳೋದು? ಅತ್ತೆಗೆ ಏನು ಹೇಳೋದು? ಒಬ್ಬ ತಾಯಿ ಮಾತ್ರೆಯನ್ನು ಡಬ್ಬಿಯಿಂದ ತೆಗೆದು ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದರು. ಮೇಲೆ ಸಾಸಿವೆ, ಕೆಳಗೆ ಕಾಗದದಲ್ಲಿ ಸುತ್ತಿದ ಮಾತ್ರೆ. ಒಮ್ಮೆ ನಾದಿನಿ ಒಗ್ಗರಣೆ ಹಾಕಲು ಡಬ್ಬಿ ಬಗ್ಗಿಸಿದಳು. ಅವತ್ತಿನಿಂದ ಒಂದೂವರೆ ತಿಂಗಳು ಆಕೆ ಮಾತ್ರೆ ಬಿಟ್ಟರು. ಆ ಒಂದೂವರೆ ತಿಂಗಳಲ್ಲಿ ವೈರಸ್ ಮತ್ತೆ ತಲೆ ಎತ್ತಿತು. ಇಲ್ಲಿ ಡಾಕ್ಟರ್ ಏನು ಮಾಡಬಲ್ಲರು? ಆ ಮನೆಗೆ ಹೋಗಿ, ಅತ್ತೆಯ ಹತ್ತಿರ ಕೂತು, ಅವರೆಕಾಯಿ ಬಿಡಿಸುತ್ತಾ ಮೆಲ್ಲಗೆ ಮಾತು ತೆಗೆದಿದ್ದು ಆಶಾ. ಅದೂ ಆ ತಾಯಿಯೇ ಒಪ್ಪಿ, ನೀವೇ ಹೇಳಿಬಿಡಿ ಅಂದ ಮೇಲೆ. ಈಗ ಮಾತ್ರೆ ಡಬ್ಬಿ ದೇವರ ಗೂಡಿನ ಪಕ್ಕ ಇದೆ.

ಸಾರಿಗೆ ಇಲಾಖೆಯವರು ಇಲ್ಲಿ ಯಾರೂ ಬಂದಿಲ್ಲ ಅನಿಸುತ್ತದೆ. ಅವರಿಗೂ ಒಂದು ಥ್ಯಾಂಕ್ಸ್ ಹೇಳಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಫ್ರೀ ಆಯಿತಲ್ಲ. ಜಿಲ್ಲಾ ಕೇಂದ್ರದ ಎಆರ್‌ಟಿ ಸೆಂಟರಿಗೆ ಹೋಗಲು ನೂರೈವತ್ತು ರೂಪಾಯಿ ಕೈಸಾಲ ಮಾಡುತ್ತಿದ್ದ ಹೆಂಗಸರು ಈಗ ಸಾಲ ಮಾಡದೆ ಹೋಗಿ ಬರುತ್ತಿದ್ದಾರೆ. ಬಸ್ಸಿನ ಫ್ರೀ ಚೀಟಿ ಎಚ್‌ಐವಿ ತಡೆಯುತ್ತದೆ ಅಂತ ಯಾರೂ ಯೋಚಿಸಿರಲಿಕ್ಕಿಲ್ಲ. ತಡೆಯುತ್ತಿದೆ.

ಇನ್ನು ಹೆರಿಗೆ. ತಾಯಿಗೆ ಎಚ್‌ಐವಿ ಇದ್ದು ಏನೂ ಮಾಡದೆ ಬಿಟ್ಟರೆ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಬರಬಹುದು. ಮುಂಚೆಯೇ ಗೊತ್ತಾಗಿ ಮಾತ್ರೆ ಕೊಟ್ಟರೆ ಅದು 5ಕ್ಕಿಂತ ಕೆಳಗೆ ಬರುತ್ತದೆ. ಇಷ್ಟು ದೊಡ್ಡ ಗೆಲುವು ಬೇರೆ ಯಾವುದರಲ್ಲೂ ಇಲ್ಲ. ಆದರೆ ಇಲ್ಲೂ ಒಂದು ಕೈ ಇನ್ನೊಂದು ಕೈಯನ್ನು ಸೋಲಿಸುತ್ತದೆ.

ಒಂದು ಆಸ್ಪತ್ರೆ, ಹೆಸರು ಬೇಡ. ಹೆರಿಗೆ ವಾರ್ಡಿನಲ್ಲಿ ಒಬ್ಬ ಬಾಣಂತಿಯ ಕೇಸ್ ಶೀಟಿನ ಮೇಲೆ ಎಚ್‌ಐವಿ ಅಂತ ಕೆಂಪು ಇಂಕಿನಲ್ಲಿ ದೊಡ್ಡದಾಗಿ ಬರೆದು ಮಂಚದ ಕಾಲಕಡೆ ತೂಗುಹಾಕಿದ್ದರು. ಬಂದ ನೆಂಟರೆಲ್ಲ ಓದಿದರು. ನಾನು ಜೋರಾಗಿ ಜಗಳ ಆಡಿದೆ. ಆ ಸಿಸ್ಟರ್ ಅತ್ತುಬಿಟ್ಟರು. 'ಮೇಡಂ, ನಮಗೆ ಗ್ಲೌಸ್ ಖಾಲಿಯಾಗಿ ಹತ್ತು ದಿನ ಆಯಿತು. ಬರಿಗೈಯಲ್ಲಿ ಹೆರಿಗೆ ಮಾಡಿಸ್ತಾ ಇದ್ದೀವಿ. ಯಾರಿಗೆ ಏನಿದೆ ಅಂತ ನಮಗೆ ಗೊತ್ತಾಗಬೇಡವಾ?' ಅಂದರು. ನನ್ನ ಸಿಟ್ಟು ಇಳಿದುಹೋಯಿತು. ತಪ್ಪು ಆ ಕೆಂಪು ಇಂಕಿನಲ್ಲಿ ಇತ್ತು, ನಿಜ. ಆದರೆ ಅದರ ಬೇರು ಸ್ಟೋರ್ ರೂಮಿನಲ್ಲಿತ್ತು. ಗ್ಲೌಸಿನ ಇಂಡೆಂಟ್, ಅಂದರೆ ಬೇಡಿಕೆ ಪತ್ರ, ಒಂದು ಟೇಬಲಿನಲ್ಲಿ ಕೂತಿತ್ತು. ಗ್ಲೌಸ್ ಬಂದ ಮೇಲೆ, ಸೂಜಿ ಚುಚ್ಚಿದರೆ ತಕ್ಷಣ ತೆಗೆದುಕೊಳ್ಳುವ 28 ದಿನದ ಮಾತ್ರೆ ವಾರ್ಡಿನಲ್ಲೇ ಇಟ್ಟ ಮೇಲೆ, ಸಿಸ್ಟರ್‌ಗಳ ಭಯ ಇಳಿಯಿತು. ಕೆಂಪು ಇಂಕು ತಾನಾಗಿಯೇ ನಿಂತಿತು. ಎಲ್ಲ ರೋಗಿಗಳಿಗೂ ಒಂದೇ ಥರ ಗ್ಲೌಸ್ ಹಾಕಿದರೆ ಯಾರಿಗೆ ಏನಿದೆ ಅಂತ ಬರೆಯುವ ಅಗತ್ಯವೇ ಇಲ್ಲ ಅಲ್ವಾ? ಎಚ್‌ಐವಿ ತಡೆಯುವವರ ಪಟ್ಟಿಯಲ್ಲಿ ಸ್ಟೋರ್ ಕೀಪರ್ ಹೆಸರು ಯಾರೂ ಬರೆಯೋದಿಲ್ಲ. ನಾನು ಬರೆಯುತ್ತೇನೆ.

ವಿದ್ಯಾರ್ಥಿಗಳೇ, ನೀವೂ ಆ ಪಟ್ಟಿಯಲ್ಲಿದ್ದೀರಿ, ನಿಮಗೇ ಗೊತ್ತಿಲ್ಲ. ಹಿಂದೆ ರಕ್ತ ಮಾರುವವರಿದ್ದರು. ಹೊಟ್ಟೆಪಾಡಿಗೆ ಮತ್ತೆ ಮತ್ತೆ ಮಾರುತ್ತಿದ್ದರು. ಅದರಿಂದ ಸೋಂಕು ಹರಡುತ್ತಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 1998ರ ಜನವರಿ 1ರಿಂದ ದುಡ್ಡಿಗೆ ರಕ್ತ ಕೊಡೋದು ನಿಂತಿತು. ಆದರೆ ರಕ್ತ ಬೇಕಲ್ಲ? ಆ ಖಾಲಿ ಜಾಗ ತುಂಬಿದ್ದು ನಿಮ್ಮಂಥ ಕಾಲೇಜುಗಳು, ಎನ್‌ಎಸ್‌ಎಸ್ ಕ್ಯಾಂಪುಗಳು. ಕೋರ್ಟ್ ಬಾಗಿಲು ಹಾಕಿತು, ಹುಡುಗರು ಕಿಟಕಿ ತೆರೆದರು.

ಚಿಂತೆಯ ಮಾತೂ ಹೇಳಬೇಕು. ಸಂಖ್ಯೆ ಇಳಿದ ಮೇಲೆ ಗಮನವೂ ಇಳಿದಿದೆ. ಟಿವಿಯಲ್ಲಿ ಜಾಹೀರಾತಿಲ್ಲ. ಪೀರ್‌ಗಳ ಗೌರವಧನ ತೀರಾ ಕಡಿಮೆ, ಅದೂ ಕೈಸೇರಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಮುಂಚೆ ಬಸ್ ಸ್ಟ್ಯಾಂಡಿನಲ್ಲಿ ಹುಡುಕಿದರೆ ಸಿಗುತ್ತಿದ್ದವರು ಈಗ ಮೊಬೈಲಿನಲ್ಲಿ ಇದ್ದಾರೆ. ಅಲ್ಲಿಗೆ ನಮ್ಮ ಪೀರ್ ಹೇಗೆ ಹೋಗಬೇಕು? ಹೊಸ ದಾರಿ ಬೇಕು. ಸೋಂಕು ತಗಲುವ ಮುಂಚೆಯೇ ದಿನಾ ಒಂದು ಮಾತ್ರೆ ನುಂಗಿ ತಡೆಯುವ ಕ್ರಮ ಬಂದಿದೆ, ಪ್ರೆಪ್ ಅಂತಾರೆ. ಮೈಸೂರಿನ ಆಶೋದಯದಲ್ಲಿ ಅದನ್ನು ಪ್ರಯೋಗ ಮಾಡಿ ನೋಡಿದಾಗ 647 ಹೆಂಗಸರು ಶುರು ಮಾಡಿದರು, 640 ಜನ ಕೊನೆವರೆಗೂ ಬಂದರು. ದಿನಾ ಮಾತ್ರೆ ನುಂಗೋದು ಈ ಹೆಂಗಸರ ಕೈಲಿ ಆಗೋದಿಲ್ಲ ಅಂದಿದ್ದವರಿಗೆ ಅದೇ ಉತ್ತರ. ಯಾಕೆ ಆಯಿತು ಅಂದರೆ, ನೆನಪಿಸಲು ಮನೆಗೆ ಬರುತ್ತಿದ್ದವರು ಅವರ ಗೆಳತಿಯರೇ.

ನನ್ನ ಮಾತು ಇಷ್ಟು. 1097ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಮಾಹಿತಿ ಸಿಗುತ್ತದೆ, ಹೆಸರು ಹೇಳಬೇಕಾಗಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗೆ ಬಿಟ್ಟೆವು. ಒಂದು ಹುಡುಗಿ ಚೀಟಿ ಕಳಿಸಿದ್ದಳು, ಹೆಸರು ಬರೆದಿರಲಿಲ್ಲ. 'ಮದುವೆಗೆ ಮುಂಚೆ ಟೆಸ್ಟ್ ಮಾಡಿಸು ಅಂತ ಹುಡುಗನಿಗೆ ಹೇಗೆ ಹೇಳೋದು?' ನೀನು ಮಾಡಿಸು ಅನ್ನಬೇಡಮ್ಮ, ನಾವಿಬ್ಬರೂ ಮಾಡಿಸೋಣ ಅನ್ನು ಅಂದೆ. ಜೊತೆಯಲ್ಲಿ ಬಂದರೆ ನಮ್ಮ ಕೋಣೆಯಲ್ಲಿ ಎರಡು ಕುರ್ಚಿ ಇದೆ.

ಕೊನೆಗೆ ಹಿಂದಿನ ಸಾಲಿನಿಂದ ಆಟೋ ಓಡಿಸುವ ಒಬ್ಬರು ಎದ್ದು ನಿಂತರು. ಖಾಕಿ ಶರ್ಟಿನ ತೋಳು ಮಡಿಸಿಕೊಂಡು ಕೇಳಿದರು: 'ಮೇಡಂ, ನೀವು 4 ಗಂಟೆಗೆ ಬಾಗಿಲು ಹಾಕ್ತೀರಿ. ಆವಾಗ ನಮ್ಮ ಬಾಡಿಗೆ ಟೈಮು. ಸ್ಟ್ಯಾಂಡಿಗೇ ಬಂದು ರಕ್ತ ತಗೊಳ್ಳೋಕೆ ಆಗಲ್ವಾ?'

ಪಕ್ಕದಲ್ಲಿ ಕೂತಿದ್ದ ಈಗಿನ ಸಮಾಲೋಚಕರ ಮುಖ ನೋಡಿದೆ. ಅವರು ತಲೆ ಆಡಿಸಿದರು. ಯಾವ ದಿನ, ಯಾವ ಹೊತ್ತು ಅಂತ ನೀವೇ ಹೇಳಿ ಅಣ್ಣ ಅಂದೆ.

'ಭಾನುವಾರ ರಾತ್ರಿ 10ರ ಮೇಲೆ. ಲಾಸ್ಟ್ ಬಸ್ ಹೋದ ಮೇಲೆ ಎಲ್ಲ ಗಾಡಿ ಸ್ಟ್ಯಾಂಡಲ್ಲೇ ಇರ್ತವೆ. ಮೂವತ್ತು ಜನ ಆಗ್ತೀವಿ.'

ಆಗ ಠಾಣೆಯಿಂದ ಬಂದಿದ್ದವರಲ್ಲಿ ಒಬ್ಬರು ಕೂತಲ್ಲಿಂದಲೇ ಹೇಳಿದರು: 'ಆ ಲೈಟ್ ಕಂಬ ಉರಿಯಲ್ಲ ಮೇಡಂ. ಪಂಚಾಯ್ತಿಯವರಿಗೆ ಹೇಳಿ ಬಲ್ಬ್ ಹಾಕಿಸ್ತೀನಿ.'

ಸಮಾಲೋಚಕರು ಡೈರಿ ತೆಗೆದು ಭಾನುವಾರ, ರಾತ್ರಿ 10, ಕಿಟ್ 30 ಅಂತ ಬರೆದುಕೊಂಡರು.